ಷಡ್ಡಕನ ಕಾರಿನ ಬ್ರೇಕು

ನನಗೆ ಹೊಟ್ಟೆಕಿಚ್ಚು ಇಲ್ಲ ಎಂದರೆ ನೀವು ನಂಬಬಹುದು, ನನ್ನ ಹೆಂಡತಿ ನಂಬುವುದಿಲ್ಲ. ಬಿದ್ದು ಬಿದ್ದು ನಗುತ್ತಾಳೆ. ಆದ್ದರಿಂದ ಇದೆ ಎಂದೇ ಹೇಳಿಬಿಡುತ್ತೇನೆ. ಇದೆ, ಬೇಕಾದಷ್ಟಿದೆ. ನನ್ನ ಜಾಗದಲ್ಲಿ ಯಾರಿದ್ದರೂ ಇರುತ್ತಿತ್ತು.

ನಾನು ಬ್ರೇಕ್ ರಿಪೇರಿ ಮಾಡುವವನು. ಅಂಗಡಿ ನನ್ನ ಮಾವ ಕಟ್ಟಿದ್ದು, ಈಗ ನಡೆಸುತ್ತಿರುವುದು ನಾನು. ಮೀಸೆ ಮೂಡುವ ಮೊದಲೇ ಅವರ ಹತ್ತಿರ ಕೆಲಸಕ್ಕೆ ಸೇರಿದವನು. ಅವರ ಬೈಗುಳ ತಿಂದೆ, ಅವರ ಮನೆಯ ಊಟ ತಿಂದೆ, ಕೊನೆಗೆ ಅವರ ಹಿರಿಯ ಮಗಳನ್ನೇ ಮದುವೆಯಾದೆ. ಕಿರಿಯ ಮಗಳ ಗಂಡ, ಅಂದರೆ ನನ್ನ ಷಡ್ಡಕ, ಪೇಂಟರು. ಗಾಡಿಗಳ ತಗಡು ತಟ್ಟಿ ಬಣ್ಣ ಹೊಡೆಯುವುದು ಅವನ ಕಸುಬು. ಬಣ್ಣದ ಮಟ್ಟಿಗೆ ಅವನ ಕೈ ಚೆನ್ನಾಗಿದೆ, ಅದನ್ನು ಇಲ್ಲ ಎನ್ನಲಾರೆ. ಮಾವ ಅವನಿಗೆ "ಅಳಿಯಂದ್ರೇ, ಬನ್ನಿ, ಕೂತ್ಕೊಳ್ಳಿ" ಎನ್ನುತ್ತಾರೆ. ನನಗೆ ಇವತ್ತಿಗೂ "ಲೇ, ಬಂದ್ಯಾ?"

ಮಾವನ ಹಿತ್ತಲಿನಲ್ಲಿ ಒಂದು ಹಳೇ ಕಾರಿತ್ತು. ಪ್ರಾಯದಲ್ಲಿ ಅವರು ಅದನ್ನು ಬಾಡಿಗೆಗೆ ಓಡಿಸಿದವರು. ಎಂಜಿನ್ ಕೈಕೊಟ್ಟ ಮೇಲೆ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದರು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಹೋದಾಗಲೆಲ್ಲ ನಾನು ಟಾರ್ಪಾಲು ಎತ್ತಿ ನೋಡುತ್ತಿದ್ದೆ. ಇವತ್ತಲ್ಲ ನಾಳೆ ಮಾವ "ತಗೊಂಡು ಹೋಗೋ" ಎನ್ನುತ್ತಾರೆ ಎಂದು ಕಾದೆ. ಬಾಯಿ ಬಿಟ್ಟು ಕೇಳಲಿಲ್ಲ. ಅವರಾಗಿ ಕೊಡಬೇಕು, ಕೇಳಿ ಪಡೆದರೆ ಅದರಲ್ಲಿ ಏನು ಮಣ್ಣು ಸುಖ? ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಷಡ್ಡಕ, ನೀರು ಕೇಳಿದಷ್ಟು ಸಲೀಸಾಗಿ, "ಮಾವ, ಆ ಕಾರು ಸುಮ್ನೆ ಬಿದ್ದಿದೆಯಲ್ಲ, ನಾನು ತಗೊಳ್ಲಾ?" ಎಂದ. ಮಾವ "ತಗೊಳ್ಳಿ" ಎಂದರು. ಅಷ್ಟೇ. ನಾನು ತಟ್ಟೆ ಬಿಟ್ಟು ಕೈ ತೊಳೆಯಲು ಎದ್ದೆ.

ಅವನು ಅದನ್ನು ಸುಮ್ಮನೆ ರಿಪೇರಿ ಮಾಡಲಿಲ್ಲ, ಹೊಸ ಅವತಾರವನ್ನೇ ಕೊಟ್ಟ. ಛಾವಣಿ ತುಸು ತಗ್ಗಿಸಿದ, ಬಾಗಿಲ ಹಿಡಿಕೆಗಳನ್ನು ಕಿತ್ತು ಮುಚ್ಚಿದ, ಬೇರೊಂದು ಗಾಡಿಯ ಎಂಜಿನ್ ಕೂರಿಸಿದ. ಕಡು ಹಸಿರು ಬಣ್ಣ ಹೊಡೆದು, ಮುಖ ನೋಡಿ ತಲೆ ಬಾಚಿಕೊಳ್ಳಬಹುದು, ಹಾಗೆ ತಿಕ್ಕಿದ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಪೆಡಲ್ ಹಗುರಾಗಲು ಬೂಸ್ಟರು, ಎಲ್ಲ ಹೊಸ ಕಾಲದ್ದು. ಮೈತಗಡು ಬಿಟ್ಟರೆ ಹಳೆಯದರಲ್ಲಿ ಉಳಿದದ್ದು ಸ್ಟೀರಿಂಗು ಮತ್ತು ಪೆಡಲ್‌ಗಳು ಮಾತ್ರ. ಬ್ರೇಕಿನ ಕೆಲಸಕ್ಕಾದರೂ ನನ್ನನ್ನು ಕರೆದನೇ? ಇಲ್ಲ ಸ್ವಾಮಿ. "ನಿಮಗ್ಯಾಕೆ ತೊಂದ್ರೆ ಅಂತ ಅಣ್ಣಾ, ಮೊಬೈಲಲ್ಲಿ ನೋಡ್ಕೊಂಡು ನಾನೇ ಹಾಕ್ಬಿಟ್ಟೆ" ಎಂದು ಹಲ್ಲು ಬಿಟ್ಟ.

ಇಷ್ಟನ್ನೂ ಸಹಿಸಿಕೊಂಡೇನು. ಸಹಿಸಲಾಗದ್ದು ಬೇರೆಯೇ ಇದೆ. ಅಂಗಡಿಯನ್ನು ನನ್ನ ಕೈಗೆ ಕೊಟ್ಟ ಮೇಲೆ ಮಾವ ಈ ಕಡೆ ತಲೆ ಹಾಕಿಲ್ಲ. ಕೇಳಿದರೆ "ಮಂಡಿ ನೋವು ಕಣೋ" ಎನ್ನುತ್ತಾರೆ. ಅವರ ಮನೆಯಿಂದ ನನ್ನ ಅಂಗಡಿಗೆ ಒಂದು ತಿರುವು ದಾಟಿದರೆ ಸಾಕು. ಷಡ್ಡಕನ ಶೆಡ್ಡು ಇರುವುದು ರೈಲುಹಳಿಯ ಆಚೆ, ಸೇತುವೆ ಹತ್ತಿ ಇಳಿದು ಹೋಗಬೇಕು. ಅಲ್ಲಿಗೆ ಮಾತ್ರ ದಿನಾ ಬೆಳಿಗ್ಗೆ ಟಾಕುಟೀಕಾಗಿ ಹೊರಡುತ್ತಾರೆ. ಆ ಸೇತುವೆ ಹತ್ತುವಾಗ ಮಂಡಿ ಎಲ್ಲಿ ಹೋಗಿರುತ್ತದೋ!

ಒಂದು ಗುರುವಾರ ಷಡ್ಡಕನೇ ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಮುಂದಿನ ಎರಡೂ ಚಕ್ರಗಳಿಂದ ಹೊಗೆ ಬರುತ್ತಿತ್ತು. ಸುಟ್ಟ ವಾಸನೆ ಬೀದಿಗೆಲ್ಲ ಹಬ್ಬಿತ್ತು.

"ಅಣ್ಣಾ, ನೀವೇ ದಿಕ್ಕು," ಎಂದ. "ಹೊರಟಾಗ ಚೆನ್ನಾಗೇ ಇರುತ್ತೆ. ಸ್ವಲ್ಪ ಓಡಿದ ಮೇಲೆ ಪೆಡಲ್ ಕಲ್ಲಾಗುತ್ತೆ, ಬ್ರೇಕ್ ತಾನಾಗೇ ಹಿಡ್ಕೊಳ್ಳುತ್ತೆ. ನಿಲ್ಲಿಸಿ ತಣ್ಣಗಾಗೋಕೆ ಬಿಟ್ರೆ ಮತ್ತೆ ಸರಿ. ಭಾನುವಾರ ಹಳೇ ಕಾರುಗಳ ಮೆರವಣಿಗೆ ಇದೆ. ಮಾವನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗ್ಬೇಕು ಅಂತ ಆಸೆ."

ಮುಂದಿನ ಸೀಟಲ್ಲಿ. ಕೇಳಿದಿರಲ್ಲ?

ಒಳಗಿನಿಂದ ನನ್ನ ಹೆಂಡತಿ ಬಂದಳು. ನಮ್ಮ ಮನೆ ಅಂಗಡಿಯ ಹಿಂದೆಯೇ. ಚಕ್ರ ನೋಡಿದಳು, ನನ್ನ ಮುಖ ನೋಡಿದಳು. "ಕಾರಿಗೆ ಚಕ್ರದಲ್ಲಿ ಹೊಗೆ, ನಮ್ಮೋರಿಗೆ ಹೊಟ್ಟೇಲಿ ಹೊಗೆ. ಯಾವ್ದನ್ನ ಮೊದ್ಲು ಆರಿಸ್ತೀರಿ?" ಎಂದು ತಂಗಿಯ ಗಂಡನ ಎದುರಿಗೇ ಕೇಳಿದಳು. ಅವನು ನಕ್ಕ. ನಾನು ಜಾಕ್ ತರಲು ಹೋದೆ.

ನಿಜ ಹೇಳುತ್ತೇನೆ, ಆ ಹೊಗೆ ನೋಡಿ ನನಗೆ ಖುಷಿಯಾಗಿತ್ತು. ಮೊಬೈಲಿನಲ್ಲಿ ನೋಡಿಕೊಂಡು ಬ್ರೇಕ್ ಹಾಕಿದ್ದಾನಲ್ಲ, ಒಂದೊಂದಾಗಿ ಬಿಚ್ಚಿ ತೋರಿಸುತ್ತೇನೆ, ಮಾವನ ಕಿವಿಗೂ ಬೀಳಲಿ ಎಂದುಕೊಂಡೆ. ನೀನು ಹೋಗು, ನಾನು ನೋಡಿ ಹೇಳುತ್ತೇನೆ ಎಂದು ಅವನನ್ನು ಕಳಿಸಿದೆ.

ಜಾಕ್ ಹಾಕಿ ಮುಂದಿನ ಚಕ್ರ ಎತ್ತಿದೆ. ಕೈಯಿಂದ ತಿರುಗಿಸಿದರೆ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಹೀಗೆ ಹಿಡಿದುಕೊಳ್ಳುವುದಕ್ಕೆ ಕಾರಣ ಚಕ್ರದಿಂದ ಹಿಡಿದು ಪೆಡಲಿನವರೆಗೆ ಎಲ್ಲಿ ಬೇಕಾದರೂ ಇರಬಹುದು. ಚಕ್ರದ ಕಡೆಯಿಂದ ಒಂದೊಂದೇ ಬಿಚ್ಚುತ್ತ ಹಿಂದಕ್ಕೆ ಹೋಗಬೇಕು. ಬಿಚ್ಚಿದಾಗ ಚಕ್ರ ಸಡಿಲವಾದರೆ ರೋಗ ಇನ್ನೂ ಹಿಂದಿದೆ, ಸಡಿಲವಾಗದಿದ್ದರೆ ಅಲ್ಲಿಂದ ಚಕ್ರದ ಕಡೆಗೇ ಇದೆ.

ಮೊದಲ ಅನುಮಾನ ಕ್ಯಾಲಿಪರ್ ಮೇಲೆ. ಡಿಸ್ಕನ್ನು ಅವುಚಿ ಹಿಡಿಯುವುದು ಅದೇ. ಎಲ್ಲೋ ಗುಜರಿಯಿಂದ ತುಕ್ಕು ಹಿಡಿದದ್ದನ್ನು ತಂದು ಹಾಕಿರುತ್ತಾನೆ, ಒಳಗಿನ ಪಿಸ್ಟನ್ ಸಿಕ್ಕಿಕೊಂಡಿರುತ್ತದೆ ಎಂದು ನನ್ನ ಆಸೆ. ಅದರ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿದೆ. ಆಯಿಲ್ ಚಿರ್ ಎಂದು ಹಾರಿತು, ಚಕ್ರ ಸಲೀಸಾಗಿ ತಿರುಗಿತು. ಪಿಸ್ಟನ್ ಸಿಕ್ಕಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ. ಬಿಚ್ಚಿ ನೋಡಿದೆ, ಕ್ಯಾಲಿಪರ್ ಹೊಚ್ಚ ಹೊಸದು. ಜಾರುವ ಪಿನ್ನುಗಳಿಗೆ ಗ್ರೀಸು ಕೂಡ ಎಷ್ಟು ಬೇಕೋ ಅಷ್ಟೇ ಸವರಿದ್ದ. ಹಾಳಾದವನು.

ಎಲ್ಲ ಕೂಡಿಸಿ, ಆಯಿಲಿನಲ್ಲಿ ಸೇರಿದ ಗಾಳಿ ತೆಗೆದು, ಬೀದಿ ಸುತ್ತಿ ಮತ್ತೆ ಬ್ರೇಕ್ ಹಿಡಿಯುವಂತೆ ಮಾಡಿಕೊಂಡು ಬಂದೆ. ಈಗ ಹೋಸ್ ಪೈಪಿನ ಮೇಲೆ ಅನುಮಾನ. ಅಗ್ಗದ ಪೈಪಾದರೆ ಒಳಗೇ ಊದಿಕೊಂಡು ಆಯಿಲನ್ನು ಹಿಂದಕ್ಕೆ ಬಿಡುವುದಿಲ್ಲ. ಪೈಪಿಗಿಂತ ಹಿಂದೆ, ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಹತ್ತಿರವೇ ಜಾಯಿಂಟ್ ಸಡಿಲಿಸಿದೆ. ಚಕ್ರ ತಿರುಗಿತು. ಅಂದರೆ ಪೈಪೂ ಸರಿ. ಪೈಪು ಎಲ್ಲೂ ತಾಗದ ಹಾಗೆ, ಬಿಸಿ ತಟ್ಟದ ಹಾಗೆ, ಎಷ್ಟು ಅಚ್ಚುಕಟ್ಟಾಗಿ ಬಾಗಿಸಿ ಕೂರಿಸಿದ್ದನೆಂದರೆ ನಾನೇ ಅಷ್ಟು ಚೆನ್ನಾಗಿ ಮಾಡುತ್ತಿದ್ದೆನೋ ಇಲ್ಲವೋ. ಮೈಯೆಲ್ಲ ಉರಿಯಿತು. ಬಣ್ಣ ಹೊಡೆಯುವವನಿಗೆ ಇದೆಲ್ಲ ಯಾಕೆ ಬರಬೇಕು?

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, "ಏನಾದ್ರೂ ಸಿಕ್ತಾ?"

"ಸಿಗುತ್ತೆ."

"ಸಿಗ್ಲಿ ಅಂತ ಹುಡುಕ್ತಿದ್ದೀರೋ, ಅವ್ನದೇ ತಪ್ಪಾಗಿರ್ಲಿ ಅಂತ ಹುಡುಕ್ತಿದ್ದೀರೋ?"

"ಸುಮ್ನೆ ಊಟ ಮಾಡೋಕೆ ಬಿಡ್ತೀಯಾ?"

"ನಾನೇನು ತಟ್ಟೆ ಕಿತ್ಕೊಂಡ್ನಾ?" ಎಂದು ಅವಳು ಇನ್ನಷ್ಟು ಬಡಿಸಿದಳು.

ಊಟ ಮುಗಿಸಿ, ಮತ್ತೆ ಬೀದಿ ಸುತ್ತಿ ಬ್ರೇಕ್ ಹಿಡಿಸಿಕೊಂಡು ಬಂದು, ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಬಿಗಿದಿದ್ದ ಎರಡು ನಟ್ಟುಗಳನ್ನು ಸಡಿಲಿಸಿದೆ. ಸಿಲಿಂಡರನ್ನು ಕೂದಲೆಳೆಯಷ್ಟು ಮುಂದಕ್ಕೆ ಎಳೆದೆ, ಅಷ್ಟೇ, ಚಕ್ರ ಬಿಟ್ಟುಕೊಂಡಿತು. ಸಿಲಿಂಡರಿನದೂ ತಪ್ಪಿಲ್ಲ. ಅದನ್ನು ಹಿಂದಿನಿಂದ ಯಾವುದೋ ಸದಾ ಒತ್ತಿಕೊಂಡೇ ಇದೆ.

ಒಳಗೆ ಹೋಗಿ ಪೆಡಲನ್ನು ಕೈಯಿಂದ ಒತ್ತಿ ನೋಡಿದೆ. ಯಾವ ಪೆಡಲಿನಲ್ಲೂ ಮೊದಲಿಗೆ ಒಂದಿಷ್ಟು ಪ್ಲೇ ಇರಬೇಕು, ಅಂದರೆ ಒತ್ತಿದರೂ ಏನೂ ಆಗದ ಸ್ವಲ್ಪ ಜಾಗ. ಇದರಲ್ಲಿ ಅದು ಸುತರಾಂ ಇರಲಿಲ್ಲ. ಪ್ಲೇ ಇಲ್ಲದಿದ್ದರೆ ಕಾಲು ತೆಗೆದರೂ ಬ್ರೇಕು ಪೂರ್ತಿ ಬಿಡುವುದಿಲ್ಲ. ಓಡುತ್ತಾ ಆಯಿಲ್ ಬಿಸಿಯಾಗಿ ಉಬ್ಬುತ್ತದೆ, ವಾಪಸ್ ಹೋಗಲು ದಾರಿಯಿರುವುದಿಲ್ಲ, ಚಕ್ರವನ್ನು ಹಿಡಿದುಬಿಡುತ್ತದೆ. ಯಾರೋ ಪೆಡಲಿನ ರಾಡನ್ನು ಉದ್ದ ಮಾಡಿದ್ದಾರೆ. ಸಿಕ್ಕಿಬಿದ್ದೆ ಮಗನೇ ಎಂದುಕೊಂಡು, ಟಾರ್ಚ್ ಹಿಡಿದು, ಸ್ಟೀರಿಂಗಿನ ಕೆಳಗೆ ಅಂಗಾತ ಮಲಗಿ ನೋಡಿದೆ.

ರಾಡಿನ ಲಾಕ್ ನಟ್ಟಿಗೆ ಸಣ್ಣ ತಾಮ್ರದ ತಂತಿ ಸುತ್ತಿತ್ತು. ಒತ್ತೊತ್ತಾಗಿ ಸುತ್ತಿ, ಕೈಗೆ ಚುಚ್ಚದಿರಲಿ ಎಂದು ತುದಿಯನ್ನು ಒಳಕ್ಕೆ ಮಡಚಲಾಗಿತ್ತು. ಹಾಗೆ ಸುತ್ತುವವರು ಲೋಕದಲ್ಲಿ ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ನನಗೆ ಅದನ್ನು ಕಲಿಸಿದವರು.

ನಾನು ಅಲ್ಲೇ ಮಲಗಿದ್ದೆ, ಏಳಲಿಲ್ಲ. ಏನಾಗಿದೆ ಎನ್ನುವುದು ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಈ ಕಾರಿಗೆ ಮೊದಲು ಇದ್ದದ್ದು ಆಯಿಲೇ ಇಲ್ಲದ ಬ್ರೇಕು, ರಾಡುಗಳು ಚಕ್ರದವರೆಗೆ ಎಳೆಯುವಂಥದ್ದು. ಅದರಲ್ಲಿ ರಾಡು ಸಡಿಲವಾದಂತೆಲ್ಲ ಬಿಗಿ ಮಾಡುತ್ತಾ ಇರಬೇಕು, ಕಾಲಿಟ್ಟ ತಕ್ಷಣ ಬ್ರೇಕು ಸಿಗಬೇಕು. ಮಾವ ಎಷ್ಟೋ ವರ್ಷ ಬೆಳಗಾದರೆ ಅದನ್ನೇ ಮಾಡಿದವರು. ಬೇರೆ ಯಾವ ಗಾಡಿಯಲ್ಲಾದರೂ ಅವರು ಈ ತಪ್ಪು ಮಾಡುತ್ತಿರಲಿಲ್ಲ. ಆದರೆ ಇದು ಅವರ ಪೆಡಲು. ಅದರ ಮೇಲೆ ಕಾಲಿಟ್ಟಿದ್ದಾರೆ, ಸಡಿಲ ಅನ್ನಿಸಿದೆ, ಕೈ ತನ್ನಷ್ಟಕ್ಕೆ ಕೆಳಗೆ ಹೋಗಿದೆ.

ಈಗ ನೀವು ಅಂದುಕೊಳ್ಳುತ್ತೀರಿ, ಪಾಪ, ವಯಸ್ಸಾದವರು ಎಂದು ನನ್ನ ಕರುಳು ಚುರ್ ಅಂದಿರಬೇಕು ಅಂತ. ಅಂದಿತು, ಆದರೆ ಆಮೇಲೆ. ಮೊದಲು ಬಂದದ್ದು ಹಿಂದೆಂದೂ ಬಾರದಂಥ ಹೊಟ್ಟೆ ಉರಿ. ಮಾವ ಅಲ್ಲಿಗೆ ಹೋಗಿ ಪೇಪರ್ ಓದುತ್ತಾ ಕೂರುತ್ತಾರೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ, ಅಲ್ಲ. ಅಲ್ಲಿ ಅವರು ಸ್ಪ್ಯಾನರ್ ಹಿಡಿಯುತ್ತಾರೆ, ಕೆಳಗೆ ಮಲಗುತ್ತಾರೆ, ತಂತಿ ಸುತ್ತುತ್ತಾರೆ. ನನ್ನ ಅಂಗಡಿಯಲ್ಲಿ ಅವರ ಸ್ಪ್ಯಾನರುಗಳು ಅವರು ನೇತುಹಾಕಿದ ಮೊಳೆಗಳಲ್ಲೇ ನೇತಾಡುತ್ತಿವೆ. ಅವುಗಳನ್ನು ನಾನು ಒರೆಸಿ ಇಡುತ್ತೇನೆ, ಬಳಸುವುದಿಲ್ಲ.

ಸಂಜೆ ಷಡ್ಡಕ ಬಂದ. "ಗೊತ್ತಾಯ್ತಾ ಅಣ್ಣಾ? ನಾನೇ ಏನೋ ಎಡವಟ್ಟು ಮಾಡಿರ್ತೀನಿ, ಹೇಳಿ, ಪರವಾಗಿಲ್ಲ."

ಹೌದು, ನೀನೇ ರಾಡನ್ನು ಜಾಸ್ತಿ ತಿರುಗಿಸಿದ್ದೀಯ ಎಂದಿದ್ದರೆ ಅವನು ಒಪ್ಪಿಕೊಂಡುಬಿಡುತ್ತಿದ್ದ. ಮಾವನ ಎದುರಿಗೆ ನನ್ನ ತಲೆ ಎತ್ತರವಾಗುತ್ತಿತ್ತು. ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಆ ತಂತಿ ನೋಡಿದ ಮೇಲೆ ನನಗೆ ಗೆಲ್ಲುವುದು ಬೇಕಾಗಿರಲಿಲ್ಲ. ನನಗೆ ಮಾವ ಬೇಕಾಗಿದ್ದರು. ಆ ಕೈ ಒಂದು ಸಲವಾದರೂ ನನ್ನ ಅಂಗಡಿಯಲ್ಲಿ ಸ್ಪ್ಯಾನರ್ ಹಿಡಿಯಬೇಕಾಗಿತ್ತು.

"ಗೊತ್ತಾಗ್ತಿಲ್ಲ ಕಣೋ," ಎಂದೆ. "ಮಾವನ್ನ ಕರ್ಕೊಂಡು ಬಾ. ಅವ್ರೇ ನೋಡ್ಬೇಕು."

ಅವನು ಬಾಯಿ ಬಿಟ್ಟುಕೊಂಡು ನಿಂತ. ಬ್ರೇಕಿನ ವಿಷಯದಲ್ಲಿ ನಾನು ಗೊತ್ತಿಲ್ಲ ಎಂದದ್ದನ್ನು ಈ ಬೀದಿಯಲ್ಲಿ ಯಾರೂ ಕೇಳಿಲ್ಲ. ಆ ಹೆಸರೊಂದೇ ನನ್ನ ಆಸ್ತಿ. ಹೆಂಡತಿ ಬಂದು ಹಣೆ ಮುಟ್ಟಿ ನೋಡಿದಳು, "ಜ್ವರ ಇಲ್ವಲ್ಲ" ಎಂದಳು. ಮರುದಿನ ಬೆಳಿಗ್ಗೆ ಎದುರಿನ ಸ್ಪೇರ್ ಪಾರ್ಟ್ಸ್ ಅಂಗಡಿಯವನು ಶಟರ್ ಎತ್ತುತ್ತಲೇ, "ಏನ್ರೀ, ನಿಮ್ಮ ತಲೆಗೇ ಬ್ರೇಕ್ ಬಿತ್ತಂತೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದೆ. ಆವತ್ತು ನಕ್ಕು ಸುಮ್ಮನಾದೆ.

ಮಾವ ಬಂದರು. ಮಂಡಿಯ ಮಾತೇ ಇಲ್ಲ. ಬಾಗಿಲಲ್ಲಿ ನಿಂತು ಗೋಡೆ ನೋಡಿದರು, ಜಾಕ್ ನೋಡಿದರು, ನೆಲ ನೋಡಿದರು. ಷಡ್ಡಕ ಕಾರನ್ನು ಓಡಿಸಿ ಹೊಗೆ ಬರಿಸಿಕೊಂಡು ಬಂದ.

"ಎಲ್ಲಿ ತನಕ ನೋಡಿದ್ದೀಯೋ?" ಎಂದು ನನ್ನನ್ನು ಕೇಳಿದರು.

"ಸಿಲಿಂಡರ್ ಜಾಯಿಂಟ್ ತನಕ ನೋಡ್ದೆ ಮಾವ. ಪೈಪಲ್ಲಿ ಏನಿಲ್ಲ. ಅಲ್ಲಿಂದ ಮುಂದೆ ತಲೆ ಓಡ್ತಿಲ್ಲ."

"ತಲೆ ಓಡ್ತಿಲ್ಲವಂತೆ, ದಂಡಪಿಂಡ! ಅಂಗಡಿ ಇಟ್ಕೊಂಡು ಕತ್ತೆ ಕಾಯ್ತಿದ್ದೀಯಾ? ಜಾಕ್ ಹಾಕು. ಅಲ್ಲಲ್ಲ, ಇನ್ನೂ ಒಳಗೆ. ಹಿಂದಿನ ಚಕ್ರಕ್ಕೆ ಕಲ್ಲು ಯಾರು ಕೊಡ್ತಾರೆ, ನಿಮ್ಮಜ್ಜ?"

ಅಯ್ಯೋ, ಆ ಬೈಗುಳ ಕೇಳಿ ಎಷ್ಟು ಕಾಲವಾಗಿತ್ತು! ನಾನು ಓಡಾಡಿದೆ. ಕಲ್ಲು ತಂದೆ, ಬಟ್ಟೆ ತಂದೆ, ಕೇಳುವ ಮೊದಲೇ ಟ್ರೇ ಹಿಡಿದೆ. ಅವರು ಮೊಳೆಯಿಂದ ತಮ್ಮದೇ ಸ್ಪ್ಯಾನರ್ ತೆಗೆದುಕೊಂಡರು. ಷಡ್ಡಕ ಬೂಸ್ಟರಿನ ಹತ್ತಿರ ಏನೋ ಹೇಳಲು ಬಾಯಿ ತೆರೆದರೆ "ನೀವು ಸ್ವಲ್ಪ ಆ ಕಡೆ ಇರಿ ಅಳಿಯಂದ್ರೇ, ಬಟ್ಟೆ ಗಲೀಜಾಗುತ್ತೆ" ಎಂದರು. ನನ್ನ ಬಟ್ಟೆಯ ಚಿಂತೆ ಅವರಿಗಿರಲಿಲ್ಲ. ನನಗೆ ಸ್ವರ್ಗ ಮೂರೇ ಗೇಣು.

ಎರಡು ನಟ್ಟು ಸಡಿಲಿಸಿ ಸಿಲಿಂಡರ್ ಎಳೆದರು. ಚಕ್ರ ಬಿಟ್ಟುಕೊಂಡಿತು. ಒಳಗೆ ಹೋಗಿ ಪೆಡಲನ್ನು ಕೈಯಿಂದ ಒತ್ತಿದರು, ಇನ್ನೊಮ್ಮೆ ಒತ್ತಿದರು. ಕಷ್ಟಪಟ್ಟು ಬಗ್ಗಿ, ಅಂಗಾತ ಮಲಗಿ, ತಲೆಯನ್ನು ಕೆಳಗೆ ತೂರಿಸಿದರು. ಹೊರಗೆ ನಮಗೆ ಕಾಣುತ್ತಿದ್ದದ್ದು ಅವರ ಕಾಲುಗಳು ಮಾತ್ರ. ಅವು ಅಲ್ಲಾಡದೆ ಹಾಗೇ ಇದ್ದವು.

ಆಗ ನನ್ನ ಕರುಳು ಚುರ್ ಅಂದಿತು. ಅವರನ್ನು ಕರೆಸಿಕೊಳ್ಳುವುದೊಂದೇ ನನ್ನ ತಲೆಯಲ್ಲಿತ್ತು. ಕರೆಸಿ ಅವರಿಗೆ ತೋರಿಸುವುದು ಅವರದೇ ತಪ್ಪನ್ನು, ಅದೂ ಈ ಷಡ್ಡಕನ ಎದುರಿಗೆ, ಎನ್ನುವುದು ಹೊಳೆದೇ ಇರಲಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗಿ ಬಾವಿಗೆ ತಳ್ಳಿದ ಹಾಗಾಯಿತು. ಎಂಥ ಪಾಪಿ ನಾನು ಎನಿಸಿತು.

"ಕಟಿಂಗ್ ಪ್ಲೇಯರ್ ಕೊಡು," ಎಂದಿತು ಒಳಗಿನ ದನಿ. ಕೊಟ್ಟೆ. ತಂತಿ ಬಿಚ್ಚುವ ಸದ್ದು, ಆಮೇಲೆ ನಟ್ಟು ಸಡಿಲಿಸುವ ಸದ್ದು ಕೇಳಿತು. ರಾಡನ್ನು ತಿರುಗಿಸಿ, ಪೆಡಲಿನಲ್ಲಿ ಪ್ಲೇ ನೋಡಿಕೊಂಡು, ನಟ್ಟು ಬಿಗಿದರು. ಮಾವ ಎದ್ದು ಬಂದು ಬಟ್ಟೆಗೆ ಕೈ ಒರೆಸಿಕೊಂಡರು.

"ನಿಮ್ಮ ಕೆಲಸದಲ್ಲಿ ಏನೂ ತಪ್ಪಿಲ್ಲ," ಎಂದು ಷಡ್ಡಕನಿಗೆ ಹೇಳಿದರು. "ನೀವು ಟೀಗೆ ಹೋದಾಗ ನಾನೇ ಬಿಗಿ ಮಾಡಿದ್ದೆ. ನನ್ನಿಂದಾನೇ ಕೆಟ್ಟಿದ್ದು."

"ಅಯ್ಯೋ, ಬಿಡಿ ಮಾವ, ಅದಕ್ಕೇನಂತೆ!" ಎಂದ ಅವನು. ಅವನ ದನಿಯಲ್ಲಿ ಒಂದು ಚೂರೂ ಕೊಂಕಿರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಸಿಲಿಂಡರಿನ ನಟ್ಟುಗಳನ್ನು ನಾನು ಬಿಗಿದೆ. ಒಂದು ದೊಡ್ಡ ಸುತ್ತು ಹೊಡೆದುಕೊಂಡು ಬನ್ನಿ ಎಂದು ಮಾವ ಅವನನ್ನು ಕಳಿಸಿದರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ನನ್ನ ಕಡೆ ತಿರುಗಿದರು.

"ಆ ಎರಡು ನಟ್ಟು ನೀನು ನಿನ್ನೇನೇ ಬಿಚ್ಚಿ ನೋಡಿದ್ದೆ," ಎಂದರು. "ನಾನು ಮುಟ್ಟೋ ಮೊದ್ಲೇ ಬಣ್ಣದ ಮೇಲೆ ಸ್ಪ್ಯಾನರ್ ಕಚ್ಚಿದ ಹೊಸ ಗುರುತಿತ್ತು. ನಿಂಗೆ ಗೊತ್ತಾಗಿತ್ತು."

ನಾನು ಅಲ್ಲಿ ಬಿದ್ದಿದ್ದ ಕಲ್ಲನ್ನು ಎತ್ತಿ ಗೋಡೆಯ ಬದಿಗಿಟ್ಟೆ.

"ಗೊತ್ತಿದ್ದೂ ಗೊತ್ತಿಲ್ಲ ಅಂದೆ. ಬೀದಿಯೋರೆಲ್ಲ ನಗ್ತಿದ್ದಾರೆ. ಯಾಕೋ?"

ಅಷ್ಟು ಸಾಕಾಯಿತು, ಒಳಗಿದ್ದದ್ದೆಲ್ಲ ಬಾಯಿಗೆ ಬಂತು. "ಯಾಕೆ ಅಂದ್ರೆ ನಂಗೆ ಹೊಟ್ಟೆ ಉರೀತದೆ ಮಾವ! ದಿನಾ ಸೇತುವೆ ಹತ್ತಿ ಅವ್ನ ಹತ್ರ ಹೋಗ್ತೀರಿ. ಇಲ್ಲಿಗೆ ಒಂದಿನ ಬಂದಿದ್ದೀರಾ? ಕಾರೂ ಅವ್ನಿಗೆ, ಕೈಕೆಲಸಾನೂ ಅವ್ನಿಗೆ. ನಾನೇನು ತಪ್ಪು ಮಾಡಿದ್ದೀನಿ? ನಿಮ್ಮ ಅಂಗಡೀಲಿ ಒಂದು ಕೆಲಸ ಕೆಡಿಸಿದ್ದೀನಾ? ಒಬ್ರು ಗಿರಾಕಿ ವಾಪಸ್ ಬಂದು ಬೈದಿದ್ದಾರಾ?"

"ಇಲ್ಲ," ಎಂದರು ಮಾವ. "ಅದಕ್ಕೇ ಬರಲ್ಲ."

ನನಗೆ ಅರ್ಥವಾಗಲಿಲ್ಲ.

"ನೀನು ಅಂಗಡಿ ತಗೊಂಡ ಮೇಲೆ ಒಂದು ವಾರ ಬಂದು ಕೂತೆ. ಮರೆತುಬಿಟ್ಯಾ? ಆ ವಾರ ಪೂರ್ತಿ ನಾನು ಬಾಯಿ ಬಿಡೋ ಹಾಗೇ ಇರ್ಲಿಲ್ಲ. ಹೀಗೆ ಮಾಡೋ ಅನ್ನೋಷ್ಟರಲ್ಲಿ ನೀನು ಮಾಡಿ ಮುಗಿಸಿರ್ತಿದ್ದೆ. ಸ್ಟೂಲಿನ ಮೇಲೆ ಕೂತು ಬೀದಿ ನೋಡ್ಬೇಕು, ಅಷ್ಟೇ. ಬೀದಿ ನೋಡೋಕೆ ನಾನ್ಯಾಕೆ ಇಲ್ಲಿಗೆ ಬರ್ಲಿ? ಅವ್ನು ದಿನಕ್ಕೊಂದು ಏನಾದ್ರೂ ಕೇಳ್ತಾನೆ. ಮೊಬೈಲಲ್ಲಿ ನೋಡ್ದೆ ಅಂತ ನಿಂಗೆ ಹೇಳಿರ್ತಾನೆ. ಅರ್ಧ ಮೊಬೈಲು, ಅರ್ಧ ನಾನು. ಆ ಪೈಪು ಬಾಗಿಸಿದ್ದು ಯಾರು ಅಂದ್ಕೊಂಡೆ?"

ನಿನ್ನೆ ಆ ಪೈಪು ನೋಡಿ ಮೈ ಉರಿದುಕೊಂಡದ್ದು ನೆನಪಾಗಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಹಾಗಾದ್ರೆ ನಾಳೆಯಿಂದ ನಾನೂ ಕೇಳ್ತೀನಿ," ಎಂದೆ. ಚಿಕ್ಕ ಮಕ್ಕಳ ಹಾಗೆ ಮಾತಾಡುತ್ತಿದ್ದೇನೆ ಎಂದು ಗೊತ್ತಿದ್ದೂ ಅಂದೆ.

"ಥೂ, ನಾಟಕ ಬೇಡ," ಎಂದರು. ಸ್ಪ್ಯಾನರನ್ನು ಒರೆಸಿ ತಾವೇ ಮೊಳೆಗೆ ಹಾಕಿದರು. "ಇನ್ನೊಂದ್ಸಲ ಸುಳ್ಳು ಹೇಳಿ ಕರೆಸ್ಬೇಡ. ನಿಜವಾಗ್ಲೂ ಗೊತ್ತಾಗ್ದೇ ಇದ್ದಾಗ ಹೇಳಿ ಕಳ್ಸು. ಮಂಡಿ ಮುರಿದಿದ್ರೂ ಬರ್ತೀನಿ."

ಕಾರು ವಾಪಸ್ ಬಂತು. ಹೊಗೆಯಿಲ್ಲ, ವಾಸನೆಯಿಲ್ಲ. ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ, ಎಷ್ಟು ಬೆಚ್ಚಗಿರಬೇಕೋ ಅಷ್ಟೇ ಇತ್ತು. ಷಡ್ಡಕ ಒಳಗಿನಿಂದಲೇ ಕೈಚಾಚಿ ಪಕ್ಕದ ಬಾಗಿಲು ತೆಗೆದ. ಮಾವ ಮುಂದಿನ ಸೀಟಿನಲ್ಲಿ ಕೂತು ಕಾಲುಗಳನ್ನು ಒಂದೊಂದಾಗಿ ಒಳಗೆ ಎತ್ತಿಟ್ಟುಕೊಂಡರು. "ಬರ್ತೀನೋ" ಎಂದರು. ಬ್ರೇಕು ಈಗ ಚೆನ್ನಾಗಿ ಬಿಟ್ಟುಕೊಳ್ಳುತ್ತಿತ್ತು, ಕಾರು ಸದ್ದಿಲ್ಲದೆ ಹೊರಟುಹೋಯಿತು.

ಆವತ್ತಿನಿಂದ ಬರುವ ಪ್ರತಿ ಗಾಡಿಯನ್ನೂ ಆಸೆಯಿಂದ ನೋಡುತ್ತೇನೆ. ಇದರಲ್ಲಾದರೂ ನನಗೆ ತಿಳಿಯದ್ದು ಏನಾದರೂ ಇರಲಿ ಎಂದು ಬೇಡಿಕೊಂಡೇ ಜಾಕ್ ಹಾಕುತ್ತೇನೆ. ಚಕ್ರ ಎತ್ತಿ, ಕೈಯಿಂದ ಒಂದು ಸುತ್ತು ತಿರುಗಿಸುತ್ತೇನೆ, ಅಷ್ಟಕ್ಕೇ ಗೊತ್ತಾಗಿಬಿಡುತ್ತದೆ. ಆ ಮನುಷ್ಯ ನನಗೆ ಹಾಗೆ ಕಲಿಸಿದ್ದಾರೆ.